ಜೋಡೆತ್ತಿನ ಮೇವಿನ ಖರ್ಚು ಯಾವ ಬೆಳೆಯ ತಲೆಗೆ?

ಹೆಮ್ಮರಗಾಲ ಅಂದ ತಕ್ಷಣ ನೆನಪಾಗೋದು ಸಂತಾನ ವೇಣುಗೋಪಾಲಸ್ವಾಮಿ. ನಂಜನಗೂಡು, ತಿ. ನರಸೀಪುರ ಕಡೆಯವರಿಗೆ ಹೇಳೋದೇ ಬೇಡ. ಆದರೆ ಇವತ್ತಿನ ಫೋಟೋದಲ್ಲಿ ಗೋಪುರ ಇಲ್ಲ, ಭತ್ತದ ಗದ್ದೆ ಇದೆ. ಇವತ್ತಿನದು ಒಂದು ಲೆಕ್ಕದ ಇತಿಹಾಸ: ಒಂದು ಕ್ವಿಂಟಲ್ ಭತ್ತ ಬೆಳೆಯೋಕೆ ಎಷ್ಟು ಖರ್ಚು?

ಬೀಜ, ಗೊಬ್ಬರಕ್ಕೆ ಚೀಟಿ ಇರುತ್ತೆ. ಆದರೆ ಮನೆಯ ಜೋಡೆತ್ತು ಭತ್ತಕ್ಕೂ ದುಡಿಯುತ್ತೆ, ರಾಗಿಗೂ ದುಡಿಯುತ್ತೆ. ಅದರ ಮೇವನ್ನ ಯಾವ ಬೆಳೆಗೆ ಬರೆಯೋದು? ಉದಾಹರಣೆಗೆ ವರ್ಷಕ್ಕೆ 60,000 ರೂಪಾಯಿ ಖರ್ಚು, 600 ಗಂಟೆ ದುಡಿಮೆ ಅಂತಿಟ್ಕೊಳ್ಳಿ. ಗಂಟೆಗೆ 100. ಭತ್ತಕ್ಕೆ 40 ಗಂಟೆ ಉತ್ತಿದ್ರೆ 4,000 ಭತ್ತದ ಲೆಕ್ಕಕ್ಕೆ.

ಹೀಗೆ ಕೆಲಸ ನೋಡಿ ಖರ್ಚು ಹಂಚೋ ವಿಧಾನವನ್ನ ಕಾರ್ಖಾನೆಗಳಿಗೆ ಹೇಳಿಕೊಟ್ಟು ಹೆಸರಾದವರು ಹಾರ್ವರ್ಡ್‌ನ ರಾಬರ್ಟ್ ಕ್ಯಾಪ್ಲನ್ ಮತ್ತು ರಾಬಿನ್ ಕೂಪರ್, 1980ರ ದಶಕದ ಕೊನೆಗೆ. ಆಮೇಲೆ ಅದಕ್ಕೆ ಸಾಫ್ಟ್‌ವೇರ್‌ಗಳು ಬಂದವು. ನಮ್ಮ ಹೊಲಗಳಲ್ಲಿ ಇದಕ್ಕೆ ಹತ್ತಿರದ ಲೆಕ್ಕ ಅದಕ್ಕೂ ಮುಂಚೆಯೇ ಶುರುವಾಗಿತ್ತು!

1965ರಲ್ಲಿ ಕೇಂದ್ರ ಸರ್ಕಾರ ಕೃಷಿ ಬೆಲೆ ಆಯೋಗ ಮಾಡಿತು. ಬೆಲೆ ಹೇಳೋಕೆ ಖರ್ಚು ಗೊತ್ತಿರಬೇಕಲ್ಲ? 1970-71ರಿಂದ ಸಾಗುವಳಿ ವೆಚ್ಚದ ಸಮಗ್ರ ಯೋಜನೆ ಬಂತು. ಕರ್ನಾಟಕದಲ್ಲಿ ಆ ಕೆಲಸ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದು. ಆಯ್ದ ಹಳ್ಳಿಗಳ ಗುಂಪಿಗೆ 10 ಹಿಡುವಳಿ, ಸಣ್ಣದರಿಂದ ದೊಡ್ಡದರವರೆಗೆ ಐದು ವರ್ಗ, ವರ್ಗಕ್ಕೆ ಎರಡು. ಕ್ಷೇತ್ರ ಸಿಬ್ಬಂದಿ ಉಳುಮೆ, ನಾಟಿ, ಕಳೆ, ಕೊಯ್ಲು ಅಂತ ಒಂದೊಂದಕ್ಕೂ ಆದ ಗಂಟೆ ಬರೆದುಕೊಳ್ಳಬೇಕು. ಮುಂದೆ ಈ ಅಂಕಿಗಳನ್ನ ಕಂಪ್ಯೂಟರಿಗೆ ಹಾಕೋಕೆ ಫಾರ್ಮ್ಯಾಪ್ ಅನ್ನೋ ಸಾಫ್ಟ್‌ವೇರ್ ಬಂತು. ಹುಲ್ಲಿಗೂ ಬೆಲೆ ಇರೋದ್ರಿಂದ ಒಟ್ಟು ಖರ್ಚನ್ನ ಭತ್ತ, ಹುಲ್ಲು ಎರಡಕ್ಕೂ ಅವುಗಳ ಬೆಲೆಯ ಅನುಪಾತದಲ್ಲಿ ಹಂಚ್ತಾರೆ.

ಜಗಳ ಇರೋದು ಮುಂದೆ. ಕೈಯಿಂದ ಕೊಟ್ಟ ಖರ್ಚು ಎ2. ಅದಕ್ಕೆ ಮನೆಯವರ ದುಡಿಮೆಯ ಕೂಲಿ ಸೇರಿಸಿದ್ರೆ ಎ2+ಎಫ್‌ಎಲ್. ಸ್ವಂತ ಜಮೀನಿನ ಬಾಡಿಗೆ, ಹೂಡಿದ ಬಂಡವಾಳದ ಬಡ್ಡಿಯನ್ನೂ ಸೇರಿಸಿದ್ರೆ ಸಿ2. 2024-25ಕ್ಕೆ ಭತ್ತದ ಎ2+ಎಫ್‌ಎಲ್ ಕ್ವಿಂಟಲ್‌ಗೆ 1,533 ರೂಪಾಯಿ. ಅದರ ಒಂದೂವರೆ ಪಟ್ಟು ಅಂತ ಬೆಂಬಲ ಬೆಲೆ 2,300. ಒಂದೂವರೆ ಪಟ್ಟು ಸಿ2 ಮೇಲೆ ಕೊಡಿ ಅನ್ನೋದು ರೈತ ಸಂಘಟನೆಗಳ ಪಟ್ಟು. ಬೆಳೆ ಅದೇ, ಗದ್ದೆ ಅದೇ, ಯಾವ ಸಾಲಿಗೆ ಗೆರೆ ಎಳೀತಾರೆ ಅನ್ನೋದಷ್ಟೇ ಬೇರೆ.

ನನಗೆ ಕಾಡೋದು ಆ ಎಫ್‌ಎಲ್. ಬೆಳಗಾಗೋ ಮುಂಚೆ ಪೈರು ಕಿತ್ತು, ಕಟ್ಟು ಹೊತ್ತು, ಗದ್ದೆಗೆ ಬುತ್ತಿ ತಂದ ಅಜ್ಜಿಯನ್ನ "ಎಷ್ಟು ಗಂಟೆ ಕೆಲಸ ಮಾಡಿದ್ರಿ?" ಅಂತ ಕೇಳಿ ನೋಡಿ. "ಅದ್ಯಾತರ ಕೆಲ್ಸ ಕನ ಮೊಗ, ನಮ್ಮನೇದೇ ಅಲ್ವಾ" ಅಂತಾರೆ. ಬರೆಯೋನು ಮತ್ತೊಂದು ಸಲ ಕೇಳದಿದ್ರೆ ಆ ಗಂಟೆ ಯಾವ ಸಾಫ್ಟ್‌ವೇರಿಗೂ ಹೋಗಲ್ಲ.

ನಿಮ್ಮ ಮನೇಲಿ ನಾಟಿ ದಿನ ಯಾರ್ಯಾರು ಏನೇನು ಮಾಡ್ತಿದ್ರು? ಕಾಮೆಂಟಲ್ಲಿ ಬರೀರಿ. ಮುಂದಿನ ಭಾಗದಲ್ಲಿ ಕಬ್ಬಿನ ಕಟಾವು ಮತ್ತು ಸಾಗಣೆ ಖರ್ಚಿನ ಕಥೆ.

#ಹೆಮ್ಮರಗಾಲ #ನಂಜನಗೂಡು #ಭತ್ತ #ನಮ್ಮಇತಿಹಾಸ