ಪ್ರೇಮಿಗಳ ದಿನ ಮತ್ತು ಸಂತ ವ್ಯಾಲೆಂಟೈನ್

ಫೆಬ್ರವರಿ 14 ಹತ್ತಿರವಾದಂತೆ ಅಂಗಡಿಗಳಲ್ಲಿ ಕೆಂಪು ಗುಲಾಬಿ, ಕಾರ್ಡು, ಚಾಕೊಲೇಟುಗಳ ಭರಾಟೆ. ಈ ದಿನಕ್ಕೆ ಹೆಸರು ಬಂದದ್ದು ವಿಶ್ವಾಸಕ್ಕಾಗಿ ಪ್ರಾಣ ತೆತ್ತ ಒಬ್ಬ ರಕ್ತಸಾಕ್ಷಿಯಿಂದ ಎಂಬುದು ಅನೇಕರಿಗೆ ತಿಳಿದಿಲ್ಲ.

ಸಂತ ವ್ಯಾಲೆಂಟೈನ್ ಯಾರು?

ಹಳೆಯ ದಾಖಲೆಗಳಲ್ಲಿ ಈ ಹೆಸರಿನ ಇಬ್ಬರು ಸಿಗುತ್ತಾರೆ. ಒಬ್ಬರು ರೋಮ್ ನಗರದ ಗುರು, ಇನ್ನೊಬ್ಬರು ಇಟಲಿಯ ತೆರ್ನಿಯ ಧರ್ಮಾಧ್ಯಕ್ಷರು. ಇಬ್ಬರೂ 3ನೇ ಶತಮಾನದಲ್ಲಿ ರಕ್ತಸಾಕ್ಷಿಗಳಾದರೆಂಬುದು ಪರಂಪರೆ. ಇಬ್ಬರೂ ಒಬ್ಬರೇ ಇರಬಹುದೆಂದು ಕೆಲವು ವಿದ್ವಾಂಸರ ಅಭಿಪ್ರಾಯ. 4ನೇ ಶತಮಾನದಲ್ಲೇ ರೋಮಿನ ಹೊರಗೆ, ಫ್ಲಮಿನಿಯ ರಸ್ತೆಯಲ್ಲಿ, ವ್ಯಾಲೆಂಟೈನರ ಹೆಸರಿನ ದೇವಾಲಯವಿತ್ತು.

ಚಕ್ರವರ್ತಿ ಎರಡನೇ ಕ್ಲಾಡಿಯಸ್ ಸೈನಿಕರ ಮದುವೆ ನಿಷೇಧಿಸಿದ, ವ್ಯಾಲೆಂಟೈನ್ ಗುಟ್ಟಾಗಿ ಮದುವೆ ಮಾಡಿಸಿದರು, ಸೆರೆಮನೆಯ ಅಧಿಕಾರಿಯ ಮಗಳಿಗೆ ಪತ್ರ ಬರೆದರು ಎಂಬ ಕಥೆಗಳು ಪ್ರಚಲಿತವಾಗಿವೆ. ಇವು ಬಹುಕಾಲದ ನಂತರ ಸೇರಿಕೊಂಡವು. ಧರ್ಮೋಪದೇಶದ ತರಗತಿಯಲ್ಲಿ ಹೇಳುವಾಗ ದಂತಕಥೆ ಎಂದೇ ಹೇಳುವುದು ಒಳ್ಳೆಯದು.

ಸಂತರ ಬಗ್ಗೆ ಖಚಿತ ಮಾಹಿತಿ ಕಡಿಮೆ ಇದ್ದುದರಿಂದ 1969ರಲ್ಲಿ ಅವರ ಸ್ಮರಣೆಯನ್ನು ಧರ್ಮಸಭೆಯ ಸಾಮಾನ್ಯ ಪಂಚಾಂಗದಿಂದ ಕೈಬಿಡಲಾಯಿತು. ಈಗ ಅಂದು ಸಂತ ಸಿರಿಲ್ ಮತ್ತು ಸಂತ ಮೆಥೋಡಿಯಸರ ಸ್ಮರಣೆ ನಡೆಯುತ್ತದೆ. ಆದರೆ ವ್ಯಾಲೆಂಟೈನರ ಸಂತ ಪದವಿಗೆ ಇದರಿಂದ ಕುಂದಿಲ್ಲ. ರೋಮನ್ ರಕ್ತಸಾಕ್ಷಿಗಳ ನಾಮಾವಳಿಯಲ್ಲಿ ಅವರ ಹೆಸರು ಇಂದಿಗೂ ಇದೆ.

ಪ್ರೇಮದ ನಂಟು ಹೇಗೆ ಬಂತು?

14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್, ಸಂತ ವ್ಯಾಲೆಂಟೈನರ ದಿನ ಹಕ್ಕಿಗಳು ತಮ್ಮ ಸಂಗಾತಿಯನ್ನು ಆರಿಸಿಕೊಳ್ಳುತ್ತವೆ ಎಂದು ತನ್ನ ಕಾವ್ಯವೊಂದರಲ್ಲಿ ವರ್ಣಿಸಿದ. ಅಲ್ಲಿಂದ ಮುಂದೆ ಆ ದಿನ ಪ್ರೇಮ ಸಂದೇಶ ಬರೆಯುವ ರೂಢಿ ಬೆಳೆಯಿತು. 1840ರಲ್ಲಿ ಇಂಗ್ಲೆಂಡಿನಲ್ಲಿ ಅಂಚೆ ದರ ಒಂದು ಪೆನ್ನಿಗೆ ಇಳಿದ ಮೇಲೆ ಅಚ್ಚಿನ ಕಾರ್ಡುಗಳ ವ್ಯಾಪಾರ ಹೆಚ್ಚಿತು.

ನಾವು ಹೇಗೆ ಆಚರಿಸಬಹುದು?

ತೆರ್ನಿಯ ಸಂತ ವ್ಯಾಲೆಂಟೈನ್ ಬಸಿಲಿಕದಲ್ಲಿ ಪ್ರತಿ ವರ್ಷ ಮದುವೆ ನಿಶ್ಚಯವಾದ ಜೋಡಿಗಳು ಸೇರಿ ಪರಸ್ಪರ ವಚನ ನೀಡುತ್ತಾರೆ. 2014ರ ಫೆಬ್ರವರಿ 14ರಂದು ಪೋಪ್ ಫ್ರಾನ್ಸಿಸ್ ಸಂತ ಪೇತ್ರರ ಚೌಕದಲ್ಲಿ ಇಂತಹ ಸಾವಿರಾರು ಜೋಡಿಗಳನ್ನು ಭೇಟಿಯಾಗಿ, ಅನುಮತಿ ಕೇಳುವುದು, ಕೃತಜ್ಞತೆ ಹೇಳುವುದು, ಕ್ಷಮೆ ಯಾಚಿಸುವುದು ಈ ಮೂರನ್ನು ಮರೆಯಬೇಡಿ ಎಂದಿದ್ದರು.

* ದಂಪತಿಗಳು ಒಟ್ಟಿಗೆ ಬಲಿಪೂಜೆಯಲ್ಲಿ ಪಾಲ್ಗೊಂಡು, ಮನೆಯಲ್ಲಿ ವಿವಾಹದ ವಚನವನ್ನು ಮತ್ತೊಮ್ಮೆ ಹೇಳಿಕೊಳ್ಳಬಹುದು.
* ಮಾತು ಬಿಟ್ಟಿದ್ದರೆ ಅಂದು ರಾಜಿಯಾಗಿರಿ. ಯಾವ ಉಡುಗೊರೆಯೂ ಇದಕ್ಕೆ ಸಮವಲ್ಲ.
* ಸಂಗಾತಿ ದೂರದ ಊರಿನಲ್ಲಿ ದುಡಿಯುತ್ತಿದ್ದರೆ ಫೋನಿನಲ್ಲೇ ಒಟ್ಟಿಗೆ ಪ್ರಾರ್ಥಿಸಿ.
* ಧರ್ಮಕೇಂದ್ರದಲ್ಲಿ ಮದುವೆಯಾಗಿ 25, 50 ವರ್ಷ ತುಂಬಿದವರನ್ನು ಗೌರವಿಸಿ. ಸಂಗಾತಿಯನ್ನು ಕಳೆದುಕೊಂಡವರ ಮನೆಗೆ ಭೇಟಿ ನೀಡಿ.

ಒಂದು ಎಚ್ಚರಿಕೆ: 2018 ಮತ್ತು 2024ರಲ್ಲಿ ಈ ದಿನ ಬೂದಿ ಬುಧವಾರದಂದೇ ಬಂದಿತ್ತು, 2029ರಲ್ಲೂ ಹಾಗೆಯೇ ಬರಲಿದೆ. ಅಂತಹ ವರ್ಷ ಉಪವಾಸಕ್ಕೇ ಆದ್ಯತೆ. ಸಿಹಿಯೂಟವನ್ನು ಹಿಂದಿನ ದಿನವೇ ಇಟ್ಟುಕೊಳ್ಳಿ.