ಕೈಬಂದೂಕಿನ ತೋಟಾ ಮರುಭರ್ತಿ

ಒಮ್ಮೆ ಹಾರಿಸಿದ ಪಿಸ್ತೂಲು ಅಥವಾ ರಿವಾಲ್ವರಿನ ತೋಟಾಕ್ಕೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಭಾಗ), ಮದ್ದು, ಗುಂಡು ಸೇರಿಸಿ ಮತ್ತೆ ಬಳಕೆಗೆ ತರುವ ಕೆಲಸವೇ ಮರುಭರ್ತಿ. ತೋಟಾದಲ್ಲಿ ಹೆಚ್ಚು ಬೆಲೆಬಾಳುವ ಭಾಗ ಅದರ ಹಿತ್ತಾಳೆಯ ಚಿಪ್ಪು. ಮದ್ದು ಉರಿದುಹೋದರೂ ಚಿಪ್ಪು ಉಳಿಯುತ್ತದೆ. ಆದರೆ ಅನಿಲದ ಒತ್ತಡಕ್ಕೆ ಅದು ಹಿಗ್ಗಿ, ಕೋವಿಯಲ್ಲಿ ತೋಟಾ ಕೂರುವ ಚೇಂಬರಿನ ಗೋಡೆಯ ಅಳತೆಯನ್ನೇ ತಾಳಿರುತ್ತದೆ. ಒಂದು ಕೋವಿಯಿಂದ ಬಂದ ಚಿಪ್ಪು ಅದೇ ಜಾತಿಯ ಇನ್ನೊಂದರಲ್ಲಿ ಸಲೀಸಾಗಿ ಕೂರದಿರಲು ಇದೇ ಕಾರಣ. ಚಿಪ್ಪನ್ನು ಅಚ್ಚಿನಲ್ಲಿ ಒತ್ತಿ ಮೂಲ ಅಳತೆಗೆ ತರುವುದು ಈ ಕಸುಬಿನ ಜೀವಾಳ.

ಮರುಭರ್ತಿಗೆ ದಾರಿ ಮಾಡಿಕೊಟ್ಟದ್ದು ಪ್ರೈಮರಿನ ರಚನೆ. 1866ರಲ್ಲಿ ಎರಡು ವಿಧಾನಗಳು ಬಂದವು. ಅಮೆರಿಕದ ಹೈರಮ್ ಬರ್ಡನ್ ರೂಪಿಸಿದ್ದು ಯುರೋಪಿನಲ್ಲಿ ನೆಲೆಯೂರಿತು. ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ರೂಪಿಸಿದ್ದು ಅಮೆರಿಕದಲ್ಲಿ ಗೆದ್ದಿತು. ಬಾಕ್ಸರ್ ಚಿಪ್ಪಿನ ತಳದ ನಡುವೆ ಒಂದೇ ರಂಧ್ರ. ಒಳಗಿನಿಂದ ಕಡ್ಡಿ ತೂರಿಸಿದರೆ ಹಳೆಯ ಪ್ರೈಮರ್ ಹೊರಬೀಳುತ್ತದೆ. ಬರ್ಡನ್ ಚಿಪ್ಪಿನಲ್ಲಿ ಅದು ಸುಲಭವಲ್ಲ. ಈ ಹವ್ಯಾಸ ಅಮೆರಿಕದಲ್ಲಿ ಬೇರುಬಿಡಲು ಆ ಒಂದು ರಂಧ್ರವೇ ದೊಡ್ಡ ಕಾರಣ. ಜಾನ್ ಬಾರ್ಲೋ 1884ರಲ್ಲಿ ಕನೆಕ್ಟಿಕಟ್‌ನಲ್ಲಿ ಸ್ಥಾಪಿಸಿದ ಐಡಿಯಲ್ ಕಂಪನಿ ಇಕ್ಕಳದಂಥ ಕೈಸಾಧನವನ್ನು ಮನೆಮನೆಗೆ ತಲುಪಿಸಿತು. ಕೆಲವು ಮಾದರಿಗಳಲ್ಲಿ ಸೀಸದ ಗುಂಡು ಎರೆಯುವ ಅಚ್ಚೂ ಇಕ್ಕಳದ ತುದಿಯಲ್ಲೇ ಇರುತ್ತಿತ್ತು.

ಚಿಪ್ಪಿನ ಆಕಾರ ಎಷ್ಟು ಮುಖ್ಯ ಎಂಬುದನ್ನು ಮೊದಲ ಮಹಾಯುದ್ಧ ತೋರಿಸಿತು. ಪಿಸ್ತೂಲುಗಳು ಸಾಲದೆ ಅಮೆರಿಕದ ಸೇನೆ 1917ರಲ್ಲಿ .45 ಎಸಿಪಿ ತೋಟಾ ಹಿಡಿಯುವ ರಿವಾಲ್ವರುಗಳನ್ನು ಮಾಡಿಸಿತು. ಆ ತೋಟಾಕ್ಕೆ ಹೊರಚಾಚಿದ ಅಂಚಿಲ್ಲ. ಖಾಲಿ ಚಿಪ್ಪನ್ನು ಹೊರದೂಡಲು ರಿವಾಲ್ವರಿಗೆ ಹಿಡಿತ ಸಿಗುತ್ತಿರಲಿಲ್ಲ. ಮೂರು ತೋಟಾಗಳನ್ನು ಒಟ್ಟಿಗೆ ಹಿಡಿಯುವ ಅರ್ಧಚಂದ್ರಾಕಾರದ ಉಕ್ಕಿನ ಪಟ್ಟಿ ಇದಕ್ಕೆ ಪರಿಹಾರವಾಯಿತು. ಯುದ್ಧದ ನಂತರ ಪೀಟರ್ಸ್ ಕಂಪನಿ ದಪ್ಪ ಅಂಚಿರುವ .45 ಆಟೋ ರಿಮ್ ತೋಟಾವನ್ನೇ ಹೊರತಂದಿತು.

ಮರುಭರ್ತಿ ಮಾಡುವವರ ಸಾಹಸದಿಂದಲೇ ಹುಟ್ಟಿದ ತೋಟಾ .357 ಮ್ಯಾಗ್ನಮ್. ಎಲ್ಮರ್ ಕೀತ್, ಫಿಲಿಪ್ ಶಾರ್ಪ್ ಮುಂತಾದವರು ಬಲವಾದ ದೊಡ್ಡ ರಿವಾಲ್ವರುಗಳಲ್ಲಿ .38 ಸ್ಪೆಷಲ್ ಚಿಪ್ಪಿಗೆ ಹೆಚ್ಚು ಮದ್ದು ತುಂಬಿ ಪ್ರಯೋಗ ನಡೆಸಿದರು. ಅದೇ ತೋಟಾ ಹಳೆಯ ಸಣ್ಣ ರಿವಾಲ್ವರಿಗೆ ಸೇರಿದರೆ ಕೋವಿಯೇ ಸಿಡಿಯುವ ಭಯವಿತ್ತು. 1935ರಲ್ಲಿ ಸ್ಮಿತ್ ಅಂಡ್ ವೆಸನ್ ಮತ್ತು ವಿಂಚೆಸ್ಟರ್ ಹೊಸ ತೋಟಾ ತಂದಾಗ ಚಿಪ್ಪನ್ನು 3 ಮಿಲಿಮೀಟರಿಗೂ ತುಸು ಹೆಚ್ಚು ಉದ್ದ ಮಾಡಿದವು. ಹೀಗಾಗಿ .38 ತೋಟಾ .357 ಚೇಂಬರಿನಲ್ಲಿ ಕೂರುತ್ತದೆ, .357 ತೋಟಾ .38ರಲ್ಲಿ ಕೂರುವುದಿಲ್ಲ. ಎಚ್ಚರಿಕೆಯ ಮಾತಿಗಿಂತ ಈ ಸಣ್ಣ ಉದ್ದವೇ ಹೆಚ್ಚು ಕೈಗಳನ್ನು ಕಾಪಾಡಿರಬೇಕು.

ಅಳತೆ ಮತ್ತು ಒತ್ತಡಗಳ ಮಾನದಂಡ ನಿಗದಿಪಡಿಸಲು ಯುರೋಪಿನಲ್ಲಿ 1914ರಲ್ಲಿ ಸಿಐಪಿ, ಅಮೆರಿಕದಲ್ಲಿ 1926ರಲ್ಲಿ ಸಾಮಿ ಸಂಸ್ಥೆಗಳು ಸ್ಥಾಪನೆಯಾದವು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಶಿಕ್ಷಾರ್ಹ ಅಪರಾಧ.