ನಡೆಯುವವರ ಕೈಯೊಳಗಿನ ದಾರಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು: ನನ್ನ ನೌಕರಿಯ ಬಹುಭಾಗ ಈ ನಾಲ್ಕು ತಾಲೂಕುಗಳಲ್ಲಿಯೇ ಕಳೆಯಿತು. ಬಸ್ಸು ಮುಟ್ಟದ ಊರುಗಳಿಗೆ ನಡೆದೇ ಹೋಗಬೇಕಾಗಿದ್ದ ಆ ದಿನಗಳಲ್ಲಿ ದಾರಿ ತಿಳಿಯಲು ಇದ್ದ ಸಾಧನ ಎದುರಿಗೆ ಬಂದವರ ಬಾಯಿ ಮಾತ್ರ. ಕೇಳಿದರೆ, "ಇಲ್ಲೇ ಐತ್ರೀ ಮಾಸ್ತರ, ಒಂದು ಹರದಾರಿ" ಎನ್ನುವರು. ಹರದಾರಿಯೆಂದರೆ ಸುಮಾರು 3 ಮೈಲಿ. ಆದರೆ ಹೇಳುವವರ ಹರದಾರಿಗಿಂತ ನಡೆಯುವವರ ಹರದಾರಿ ಯಾವಾಗಲೂ ಉದ್ದ. ಇಂದು ಅದೇ ಊರುಗಳ ಮಕ್ಕಳು ಮೊಬೈಲನ್ನು ಅಂಗೈಯಲ್ಲಿ ಹಿಡಿದು ನಡೆಯುತ್ತಾರೆ. ಕೈಯಲ್ಲಿ ಹಿಡಿದು ದಾರಿ ಅರಿಯುವ ಈ ವಿದ್ಯೆ ನಾವು ತಿಳಿದಷ್ಟು ಹೊಸದಲ್ಲ.

ತರಗತಿಯಲ್ಲಿ ನಾನು ಹೇಳುತ್ತಿದ್ದ ನೈನ್ ಸಿಂಗನ ಕಥೆ ಕೆಲವರಿಗಾದರೂ ನೆನಪಿರಬಹುದು. ಕುಮಾವೂನಿನ ಈ ಶಾಲಾಮಾಸ್ತರನಿಗೆ 1863ರಲ್ಲಿ ಡೆಹರಾಡೂನಿನಲ್ಲಿ ಸರ್ವೆ ತರಬೇತಿ ಕೊಟ್ಟರು. ಟಿಬೇಟಿಗೆ ಪರಕೀಯರ ಪ್ರವೇಶ ನಿಷಿದ್ಧವಾಗಿದ್ದ ಕಾಲವದು. ಆತ ಯಾತ್ರಿಕನ ವೇಷದಲ್ಲಿ ಹೊರಟು 1866ರಲ್ಲಿ ಲ್ಹಾಸಾ ಸೇರಿದ. ಕೈಯಲ್ಲಿ ಜಪಮಾಲೆ. ಅದರಲ್ಲಿ 108ರ ಬದಲು 100 ಮಣಿಗಳು! ನೂರು ಹೆಜ್ಜೆಗೊಂದು ಮಣಿ ಸರಿಸಿದರೆ ಒಂದು ಸುತ್ತಿಗೆ ಹತ್ತು ಸಾವಿರ ಹೆಜ್ಜೆ. ಮೈಲಿಗೆ ಎರಡು ಸಾವಿರದಂತೆ ಐದು ಮೈಲಿಯಾಯಿತು. ಪ್ರಾರ್ಥನಾಚಕ್ರದೊಳಗೆ ಮಂತ್ರದ ಸುರುಳಿಯ ಬದಲು ಟಿಪ್ಪಣಿಯ ಕಾಗದಗಳಿದ್ದವು. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಆತನಿಗೆ ಚಿನ್ನದ ಪದಕ ನೀಡಿತು. ಪದಕಕ್ಕಿಂತಲೂ ಆ ಎಂಟು ಮಣಿಗಳ ಲೆಕ್ಕವೇ ನನಗೆ ಹೆಚ್ಚು ಪ್ರಿಯ.

ನಮ್ಮ ಸೀಮೆಯ ಅಳತೆ ಇದಕ್ಕೂ ಹಳೆಯದು. 1840ರ ದಶಕದಲ್ಲಿ ಕ್ಯಾಪ್ಟನ್ ಜಾರ್ಜ್ ವಿಂಗೇಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಧಾರವಾಡ ಜಿಲ್ಲೆಯ ಹೊಲಗಳ ಮೋಜಣಿ ನಡೆಯಿತು. (ನಮ್ಮ ತಾಲೂಕುಗಳು ಹಾವೇರಿ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಸವಣೂರಂತೂ 1948ರವರೆಗೆ ನವಾಬರ ಸಂಸ್ಥಾನ.) ಮೋಜಣಿಯ ಸರಪಳಿ 33 ಅಡಿ ಉದ್ದ, ಅದರ ಹದಿನಾರನೆಯ ಒಂದು ಭಾಗವೇ ಆಣೆ. ಆ ಸರಪಳಿಯ ಚೌಕವೇ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. ಗುಂಟೆಯ ಲೆಕ್ಕದಲ್ಲಿ ಅಳುತ್ತಿದ್ದ ನನ್ನ ವಿದ್ಯಾರ್ಥಿಗಳೇ ಈಗ ಗುಂಟೆಗಾಗಿ ಕಚೇರಿ ಹತ್ತಿಳಿಯುತ್ತಿರುವುದನ್ನು ಕೇಳುತ್ತೇನೆ! ಇಂಥ ಮೋಜಣಿಗಳಿಂದ ರೂಪುಗೊಂಡು ಮುಂದೆ ತಿದ್ದುಪಡಿಯಾಗುತ್ತ ಬಂದ ಗ್ರಾಮ ನಕಾಶೆಗಳಲ್ಲಿ ಹೊಲಗಳಷ್ಟೇ ಅಲ್ಲ, ದಾರಿಗಳೂ ಇವೆ. ಕಾಲುದಾರಿಗೆ ಒಂಟಿ ಚುಕ್ಕೆಗೆರೆ, ಬಂಡಿದಾರಿಗೆ ಜೋಡಿ ಚುಕ್ಕೆಗೆರೆ.

ಇನ್ನು ಮೊಬೈಲಿನ ವಿಷಯ. ಕೈಯಲ್ಲಿ ಹಿಡಿಯುವ ಜಿಪಿಎಸ್ ಉಪಕರಣವನ್ನು ಅಮೆರಿಕದ ಮೆಜೆಲನ್ ಸಂಸ್ಥೆ ಮಾರಾಟಕ್ಕೆ ತಂದದ್ದು 1989ರಲ್ಲಿ. ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಆ ಸರಕಾರ ಉದ್ದೇಶಪೂರ್ವಕವಾಗಿ ಮಸುಕುಗೊಳಿಸುತ್ತಿತ್ತು. ಅದನ್ನು ನಿಲ್ಲಿಸಿದ್ದು 2000ದ ಮೇ ತಿಂಗಳಲ್ಲಿ. ನಮ್ಮ ಇಸ್ರೋ 2013ರಿಂದ 2016ರೊಳಗೆ ಏಳು ಉಪಗ್ರಹಗಳನ್ನು ಹಾರಿಸಿ ಕಟ್ಟಿದ ವ್ಯವಸ್ಥೆಗೆ ನಾವಿಕ್ ಎಂದು ಹೆಸರು. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ತಲುಪಿದರೆ ಉಪಕರಣ ತಾನಿರುವ ಸ್ಥಳವನ್ನು ಗುಣಿಸಿಕೊಳ್ಳುತ್ತದೆ. ಇದಕ್ಕೆ ಮೊಬೈಲ್ ಗೋಪುರ ಬೇಕಿಲ್ಲ, ನಕಾಶೆಯನ್ನು ಮಾತ್ರ ಮೊದಲೇ ಇಳಿಸಿಕೊಂಡಿರಬೇಕು. ಗೂಗಲ್ ನಕಾಶೆ 2018ರಿಂದ ಕನ್ನಡದಲ್ಲಿಯೇ "ಎಡಕ್ಕೆ ತಿರುಗಿ" ಎಂದು ಹೇಳತೊಡಗಿತು. ಆ ದನಿಯಲ್ಲಿ 'ರೀ' ಇಲ್ಲ ಎಂಬುದೊಂದೇ ನಮ್ಮ ಕಡೆಯವರ ಕೊರತೆ.

ಆದರೆ ಶಿಗ್ಗಾಂವಿ ತಾಲೂಕಿನ ಬಾಡಕ್ಕೋ ಶಿಶುನಾಳಕ್ಕೋ, ಹಿರೇಕೆರೂರಿನ ಅಬಲೂರಿಗೋ ನಡೆದು ಹೋಗುವವರಿಗೆ ಆ ದನಿ ತೋರಿಸುವುದು ಬಹುಮಟ್ಟಿಗೆ ಗಾಡಿ ಓಡುವ ದಾರಿಯನ್ನೇ. ಹಾನಗಲ್ಲಿನ ಭತ್ತದ ಗದ್ದೆಗಳ ಬದುವಿನ ಮೇಲಿನ ಕಾಲುದಾರಿಯಾಗಲಿ, ಸವಣೂರಿನ ಕಡೆಯ ಎರೆಹೊಲದಲ್ಲಿ ಮಳೆಗಾಲ ಬಿಟ್ಟು ಉಳಿದೆಲ್ಲ ಕಾಲದಲ್ಲಿ ಸವೆಯುತ್ತಿದ್ದ ಒಳದಾರಿಯಾಗಲಿ ಅದಕ್ಕೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಅದು ತಪ್ಪೆನ್ನಲಾರೆ. ನಾವೂ ಆ ದಾರಿಗಳನ್ನು ತುಳಿಯುವುದನ್ನು ಬಿಟ್ಟಿದ್ದೇವೆ. ತುಳಿಯದ ದಾರಿಯ ಮೇಲೆ ಮೊದಲ ವರ್ಷ ಹುಲ್ಲು ಬೆಳೆಯುತ್ತದೆ, ಮರುವರ್ಷ ನೇಗಿಲು ಹಾಯುತ್ತದೆ, ಮೂರನೆಯ ವರ್ಷ ಅದು ಯಾರದೋ ಹೊಲವಾಗಿರುತ್ತದೆ. ಆಮೇಲೆ ಹಿಂದಿನ ಹೊಲದವರು ಸುಗ್ಗಿಯಲ್ಲಿ ಚೀಲ ಹೊತ್ತು ಬರುವುದೆಲ್ಲಿಂದ? ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ಇಂಥದೇ ಕಾರಣಕ್ಕೆ ನಾನು ಕಂಡಿದ್ದೇನೆ.

ಇಲ್ಲಿ ಹಳೆಯ ನಕಾಶೆಯೂ ಹೊಸ ಉಪಕರಣವೂ ಒಂದಾಗುತ್ತವೆ. ಕರ್ನಾಟಕದ ಭೂಮಾಪನ ಇಲಾಖೆಯ 'ದಿಶಾಂಕ್' ಎಂಬ ಆ್ಯಪ್, ನೀವು ನಿಂತ ನೆಲದ ಸರ್ವೆ ನಂಬರನ್ನು ಮೊಬೈಲಿನಲ್ಲಿಯೇ ತೋರಿಸುತ್ತದೆ. ಆ ನಂಬರನ್ನು ಹಿಡಿದು ಗ್ರಾಮ ನಕಾಶೆಯಲ್ಲಿ ಚುಕ್ಕೆಗೆರೆ ಹಾಯ್ದಿದೆಯೇ ಎಂದು ಹುಡುಕಬಹುದು. ಇದ್ದರೆ ಅದಕ್ಕೆ ಕಚೇರಿಯ ಭಾಷೆಯಲ್ಲಿ 'ನಕಾಶೆ ಕಂಡ ದಾರಿ' ಎನ್ನುತ್ತಾರೆ; ಯಾರಾದರೂ ಮುಚ್ಚಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ತೆರವು ಮಾಡಿಸಿಕೊಳ್ಳಲು ಅವಕಾಶವಿದೆ. ನಕಾಶೆಯಲ್ಲಿ ಇಲ್ಲದ, ಬರೀ ರೂಢಿಯ ದಾರಿಗಳ ವ್ಯಾಜ್ಯ ಹೆಚ್ಚು ಕಠಿಣ.

ಹಬ್ಬಕ್ಕೆ ಊರಿಗೆ ಬರುವ ವಿದ್ಯಾರ್ಥಿ ಮಿತ್ರರೇ, ನಿಮ್ಮ ಹೊಲಕ್ಕೆ ಅಜ್ಜ ಹೋಗುತ್ತಿದ್ದ ದಾರಿಯಲ್ಲಿ ಒಮ್ಮೆ ಮೊಬೈಲು ಹಿಡಿದು ನಡೆದು ನೋಡಿರಿ. ಸಿಕ್ಕ ಸರ್ವೆ ನಂಬರುಗಳನ್ನು ಬರೆದು ಕಳಿಸಿದರೆ, ನಕಾಶೆಯ ಹಾಳೆ ಮುಂದಿಟ್ಟುಕೊಂಡು ಚುಕ್ಕೆಗೆರೆ ಹುಡುಕಿಕೊಡಲು ನನಗೀಗ ಬೇಕಾದಷ್ಟು ಬಿಡುವಿದೆ.